ಬಹುಮಾನ ನಿಧಿಯ ಕಾವಲು: ಸ್ಟೀಮಿಟ್‌ನಲ್ಲಿ ದುರ್ಬಳಕೆ ನಿಯಂತ್ರಣದ ಚರಿತ್ರೆ

ಸದಸ್ಯರ ಬರಹ, ಚಿತ್ರ ಮತ್ತು ಮಾತುಕತೆಗಳಿಂದಲೇ ಬೆಳೆದ ಸಾಮಾಜಿಕ ಜಾಲತಾಣಗಳು ಜಾಹೀರಾತಿನ ಮೂಲಕ ಅಪಾರ ಸಂಪತ್ತು ಗಳಿಸಿದರೂ ಬರೆದವರ ಕೈಗೆ ಅದರಲ್ಲಿ ಏನೂ ಸೇರುವುದಿಲ್ಲವೆಂಬ ಅಸಮಾಧಾನ ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಬಲವಾಗಿ ಕೇಳಿಬಂದಿತು. ಆ ಅಸಮಾಧಾನಕ್ಕೆ ಕ್ರಿಪ್ಟೋಕರೆನ್ಸಿಯ ಮೂಲಕ ಉತ್ತರ ಕೊಡಲು ಹೊರಟ ಪ್ರಯೋಗಗಳಲ್ಲಿ ಅಮೆರಿಕದ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಕಟ್ಟಿದ ಸ್ಟೀಮಿಟ್ ಮುಖ್ಯವಾದದ್ದು. ಇದರ ತಳಹದಿಯಾದ ಸ್ಟೀಮ್ ಎಂಬ ಬ್ಲಾಕ್‌ಚೈನ್, ಅಂದರೆ ಯಾರೊಬ್ಬರ ಒಡೆತನಕ್ಕೂ ಸೇರದೆ ಹಲವು ಗಣಕಗಳಲ್ಲಿ ಏಕಕಾಲಕ್ಕೆ ಬರೆದಿಡಲಾಗುವ ಸಾರ್ವಜನಿಕ ಲೆಕ್ಕದ ಪುಸ್ತಕ, 2016ರ ಮಾರ್ಚ್‌ನಲ್ಲಿ ಚಾಲನೆಗೆ ಬಂದಿತು. ಅದೇ ವರ್ಷದ ಜುಲೈ 4ರಂದು ಮೊದಲ ಬಾರಿಗೆ ಬರಹಗಾರರಿಗೆ ಬಹುಮಾನ ಹಂಚಿಕೆಯಾಯಿತು. ಆ ದಿನದಿಂದ ಮುಂದಿನ ಐದು ವರ್ಷಗಳ ಕಾಲ ಈ ವ್ಯವಸ್ಥೆಯ ಚರಿತ್ರೆಯ ಬಹುಭಾಗವನ್ನು ಆಕ್ರಮಿಸಿದ್ದು ಬಹುಮಾನದ ದುರ್ಬಳಕೆಯನ್ನು ತಡೆಯುವುದು ಹೇಗೆ ಎಂಬ ಒಂದೇ ಪ್ರಶ್ನೆ.

ಈ ಪ್ರಶ್ನೆ ಹುಟ್ಟಿದ್ದು ವ್ಯವಸ್ಥೆಯ ರಚನೆಯಲ್ಲಿಯೇ. ಸ್ಟೀಮ್ ಬ್ಲಾಕ್‌ಚೈನ್ ಪ್ರತಿ ಮೂರು ಸೆಕೆಂಡಿಗೊಮ್ಮೆ ಹೊಸ ನಾಣ್ಯಗಳನ್ನು ಸೃಷ್ಟಿಸುತ್ತಿತ್ತು. ಅವುಗಳಲ್ಲಿ ನಿಗದಿತ ಪಾಲು ಬಹುಮಾನ ನಿಧಿ ಎಂಬ ಸಾಮೂಹಿಕ ಖಜಾನೆಗೆ ಸೇರುತ್ತಿತ್ತು. ಸದಸ್ಯರು ತಮಗೆ ಮೆಚ್ಚಿಗೆಯಾದ ಬರಹಕ್ಕೆ ಅಪ್‌ವೋಟ್, ಅಂದರೆ ಮೆಚ್ಚುಗೆಯ ಮತ, ಹಾಕಿದಾಗ ಆ ನಿಧಿಯಿಂದ ಬರಹಗಾರನಿಗೆ ಒಂದು ಪಾಲೂ, ಒಳ್ಳೆಯ ಬರಹವನ್ನು ಗುರುತಿಸಿದ್ದಕ್ಕಾಗಿ ಮತ ಹಾಕಿದವರಿಗೆ ಕ್ಯುರೇಶನ್ ಬಹುಮಾನವೆಂಬ ಇನ್ನೊಂದು ಪಾಲೂ ಸಲ್ಲುತ್ತಿದ್ದವು. ಮತದ ತೂಕ ನಿರ್ಧಾರವಾಗುತ್ತಿದ್ದುದು ತಲೆಯೆಣಿಕೆಯಿಂದಲ್ಲ, ಸದಸ್ಯನು ಸ್ಟೀಮ್ ಪವರ್ ಎಂಬ ರೂಪದಲ್ಲಿ ತೊಡಗಿಸಿಟ್ಟ ನಾಣ್ಯಗಳ ಮೊತ್ತದಿಂದ. ಗುರುತಿನ ಪರಿಶೀಲನೆಯಿಲ್ಲದ ಜಾಲದಲ್ಲಿ ಒಬ್ಬನೇ ನೂರು ಖಾತೆಗಳನ್ನು ತೆರೆದು ನೂರು ಮತ ಹಾಕಬಲ್ಲನಾದ್ದರಿಂದ ಈ ಏರ್ಪಾಡು ಅನಿವಾರ್ಯವೂ ಆಗಿತ್ತು. ಹಣವನ್ನು ನೂರು ಖಾತೆಗಳಿಗೆ ಹಂಚಿದರೂ ಅದರ ಒಟ್ಟು ಮೊತ್ತ ಹೆಚ್ಚುವುದಿಲ್ಲವಾದ್ದರಿಂದ ಸುಳ್ಳು ಖಾತೆಗಳಿಂದ ಹೆಚ್ಚಿನ ಲಾಭವಿರಲಿಲ್ಲ. ಆದರೆ ಒಂದು ಬಗೆಯ ಮೋಸಕ್ಕೆ ಬಾಗಿಲು ಮುಚ್ಚಿದ ಈ ಉಪಾಯವೇ ಹಣವುಳ್ಳವನಿಗೆ ನಿಧಿಯ ಮೇಲೆ ಹಿಡಿತವನ್ನೂ ಒದಗಿಸಿತು. ಅತಿ ದೊಡ್ಡ ಪಾಲುದಾರರನ್ನು ತಿಮಿಂಗಿಲಗಳೆಂದೂ, ಅವರಿಗಿಂತ ಕೆಳಗಿನವರನ್ನು ಡಾಲ್ಫಿನ್‌ಗಳೆಂದೂ, ಸಣ್ಣವರನ್ನು ಮಿನ್ನೋ ಎಂಬ ಕಿರುಮೀನುಗಳೆಂದೂ ಸದಸ್ಯರು ಕರೆಯುತ್ತಿದ್ದ ರೂಢಿಯು ಈ ಅಂತರವನ್ನು ಎಲ್ಲರೂ ಬಲ್ಲವರಾಗಿದ್ದರೆಂಬುದಕ್ಕೆ ಸಾಕ್ಷಿ.

ನಿರ್ಮಾಪಕರಿಗೆ ಈ ಅಪಾಯದ ಅರಿವಿರಲಿಲ್ಲವೆಂದು ಹೇಳಲಾಗದು. ವ್ಯವಸ್ಥೆಯ ತತ್ತ್ವಗಳನ್ನು ವಿವರಿಸುವ ಶ್ವೇತಪತ್ರದಲ್ಲಿ ಅವರು ದುರ್ಬಳಕೆಯನ್ನು ನೇರವಾಗಿ ಚರ್ಚಿಸಿ, ಅದನ್ನು ಸಂಪೂರ್ಣವಾಗಿ ಅಳಿಸುವುದು ಸಾಧ್ಯವೂ ಅಲ್ಲ, ಗುರಿಯೂ ಅಲ್ಲ, ಅದು ಮಿತಿಯೊಳಗಿದ್ದರೆ ಸಾಕು ಎಂಬ ನಿಲುವು ತಳೆದಿದ್ದರು. ಬುಟ್ಟಿಯಲ್ಲಿ ಹಾಕಿದ ಏಡಿಗಳಲ್ಲಿ ಒಂದು ಮೇಲೇರಿ ತಪ್ಪಿಸಿಕೊಳ್ಳಲು ಹವಣಿಸಿದಾಗ ಉಳಿದವು ಅದನ್ನು ಕೆಳಕ್ಕೆಳೆಯುತ್ತವೆಂಬ ಕತೆಯನ್ನು ಅವರು ಅಲ್ಲಿ ಬಳಸಿದ್ದು ಈ ಅರ್ಥದಲ್ಲಿಯೇ: ಯಾರಾದರೂ ಅರ್ಹತೆ ಮೀರಿ ನಿಧಿಯಿಂದ ಬಾಚಿಕೊಳ್ಳಲು ಹೊರಟರೆ ಉಳಿದವರು ವಿರುದ್ಧಮತ ಹಾಕಿ ಅವರನ್ನು ಕೆಳಗಿಳಿಸುತ್ತಾರೆ ಎಂಬುದು ಅವರ ನಂಬಿಕೆಯಾಗಿತ್ತು. ಡೌನ್‌ವೋಟ್ ಎಂದು ಕರೆಯಲಾಗುವ ಈ ವಿರುದ್ಧಮತವು ಬರಹಕ್ಕೆ ಸಲ್ಲಬೇಕಾಗಿದ್ದ ಹಣವನ್ನು ಕಡಿತಗೊಳಿಸಿ ನಿಧಿಗೆ ಮರಳಿಸುತ್ತಿತ್ತು. ಕಾವಲಿಗೆ ಬೇಕಾದ ಆಯುಧ ಹೀಗೆ ಮೊದಲ ದಿನದಿಂದಲೇ ಎಲ್ಲರ ಕೈಯಲ್ಲಿತ್ತು. ಅದನ್ನು ಎತ್ತುವವರಿಗೆ ಆಗುವ ನಷ್ಟದ ಲೆಕ್ಕವನ್ನು ಮಾತ್ರ ಯಾರೂ ಹಾಕಿರಲಿಲ್ಲ.

ಮೊದಲ ಹಂತದಲ್ಲಿ ನಿರ್ಮಾಪಕರು ನೆಚ್ಚಿಕೊಂಡದ್ದು ಗಣಿತವನ್ನು. ಬರಹವೊಂದಕ್ಕೆ ಬಂದ ಮತಗಳ ಒಟ್ಟು ತೂಕದ ವರ್ಗಕ್ಕೆ ಅನುಗುಣವಾಗಿ ಬಹುಮಾನ ನೀಡುವ ಸೂತ್ರ ಅದಾಗಿದ್ದು, ಮತದ ತೂಕ ಎರಡರಷ್ಟಾದರೆ ಬಹುಮಾನ ನಾಲ್ಕರಷ್ಟೂ, ನೂರರಷ್ಟಾದರೆ ಹತ್ತು ಸಾವಿರದಷ್ಟೂ ಆಗುತ್ತಿತ್ತು. ಒಬ್ಬ ಸಾಮಾನ್ಯ ಸದಸ್ಯ ತನ್ನ ಬರಹಕ್ಕೆ ತಾನೇ ಮತ ಹಾಕಿಕೊಂಡರೆ ಅವನಿಗೆ ದಕ್ಕುವುದು ಏನೂ ಇರುವುದಿಲ್ಲ, ಹಲವರು ಒಮ್ಮತದಿಂದ ಮೆಚ್ಚಿದ ಬರಹಕ್ಕೆ ಮಾತ್ರ ಹಣ ಬರುತ್ತದೆ ಎಂಬುದು ಇದರ ಹಿಂದಿನ ತರ್ಕ. ಈ ಸೂತ್ರ ಸಣ್ಣವರ ಸ್ವಾರ್ಥವನ್ನು ನಿಜಕ್ಕೂ ಹತ್ತಿಕ್ಕಿತಾದರೂ, ಒಂದೇ ಖಾತೆಯಲ್ಲಿ ಅಗಾಧ ಪಾಲು ಹೊಂದಿದ ತಿಮಿಂಗಿಲವೊಂದು ಕಣ್ಣು ಹಾಯಿಸಿದ ಬರಹಕ್ಕೆ ನೂರಾರು ಡಾಲರ್ ಬರುವಂತೆಯೂ, ಸಾವಿರಾರು ಸಾಮಾನ್ಯರು ಮೆಚ್ಚಿದ ಬರಹಕ್ಕೆ ಬಿಡಿಗಾಸು ಬರುವಂತೆಯೂ ಮಾಡಿತು. 2017ರ ಆರಂಭದಲ್ಲಿ ಕೆಲವು ದೊಡ್ಡ ಪಾಲುದಾರರೇ ಮುಂದೆ ಬಂದು, ತಾವು ಮತ ಹಾಕುವುದನ್ನು ನಿಲ್ಲಿಸಿ, ಇತರ ದೊಡ್ಡವರ ಮತಗಳನ್ನು ವಿರುದ್ಧಮತದಿಂದ ಸರಿದೂಗಿಸುವ ಪ್ರಯೋಗ ನಡೆಸಿದಾಗ ಸಣ್ಣವರ ಮತಕ್ಕೂ ಬೆಲೆ ಬಂದುದು ಎಲ್ಲರ ಅನುಭವಕ್ಕೆ ಬಂದಿತು.

ಇದೇ ಕಾಲಕ್ಕೆ ಬೇರೊಂದು ಬಗೆಯ ದುರ್ಬಳಕೆಯೂ ಬೆಳೆದಿತ್ತು. ಬರೆದರೆ ಹಣ ಬರುತ್ತದೆಂಬ ಸುದ್ದಿ ಹರಡಿ, ಸ್ಟೀಮ್ ನಾಣ್ಯದ ಬೆಲೆ 2016ರ ಜುಲೈನಲ್ಲಿ 4 ಡಾಲರ್ ಮುಟ್ಟಿದಾಗ, ಬೇರೆಯವರ ಲೇಖನಗಳನ್ನೂ ಛಾಯಾಚಿತ್ರಗಳನ್ನೂ ಕದ್ದು ತಮ್ಮದೆಂದು ಪ್ರಕಟಿಸುವವರ ಸಂಖ್ಯೆ ಏರಿತು. ಇದನ್ನು ತಡೆಯಲು ಸದಸ್ಯರೇ ಕಟ್ಟಿಕೊಂಡ ಸ್ಟೀಮ್‌ಕ್ಲೀನರ್ಸ್ ಎಂಬ ತಂಡವೂ, ನಕಲು ಬರಹವನ್ನು ತಾನಾಗಿಯೇ ಪತ್ತೆ ಹಚ್ಚಿ ಮೂಲದ ಕೊಂಡಿಯನ್ನು ಅದರ ಕೆಳಗೆ ಬರೆಯುತ್ತಿದ್ದ ಚೀತಾ ಎಂಬ ತಂತ್ರಾಂಶವೂ ಹುಟ್ಟಿಕೊಂಡವು. ಕೃತಿಚೌರ್ಯವನ್ನು ಸಾಬೀತುಪಡಿಸಬಹುದಾಗಿತ್ತಾದ್ದರಿಂದ ಮತ್ತು ಅದು ತಪ್ಪೆಂಬ ಬಗ್ಗೆ ಎರಡು ಮಾತಿರಲಿಲ್ಲವಾದ್ದರಿಂದ ಈ ಕೆಲಸಕ್ಕೆ ಬೆಂಬಲ ದೊರೆಯಿತು. ಆದರೆ ತನ್ನದೇ ಪಾಲಿನ ಬಲದಿಂದ ತನ್ನದೇ ಬರಹಕ್ಕೆ ಮತ ಹಾಕಿಕೊಳ್ಳುವುದು ಮೋಸವೇ, ಹಕ್ಕೇ ಎಂಬ ಪ್ರಶ್ನೆ ಬಂದಾಗ ಸಮುದಾಯ ಎರಡಾಗಿ ಒಡೆಯಿತು. ತಂತ್ರಾಂಶ ಅನುಮತಿಸಿದ್ದನ್ನು ದುರ್ಬಳಕೆಯೆನ್ನಲು ಬರುವುದಿಲ್ಲವೆಂದು ಒಂದು ಪಕ್ಷ ವಾದಿಸಿದರೆ, ನಿಧಿ ಎಲ್ಲರದಾಗಿರುವಾಗ ಅದನ್ನು ಯೋಗ್ಯತೆಯ ಪರಿಗಣನೆಯಿಲ್ಲದೆ ಬಾಚುವುದು ಉಳಿದವರ ಪಾಲನ್ನು ಕಸಿದಂತೆ ಎಂದು ಇನ್ನೊಂದು ಪಕ್ಷ ವಾದಿಸಿತು.

ಈ ವಿವಾದ ತಾರಕಕ್ಕೇರಿದ್ದು 2017ರ ಜೂನ್‌ನಲ್ಲಿ ಜಾರಿಗೆ ಬಂದ 19ನೆಯ ಹಾರ್ಡ್ ಫೋರ್ಕ್‌ನ ನಂತರ. ಹಾರ್ಡ್ ಫೋರ್ಕ್ ಎಂದರೆ ಬ್ಲಾಕ್‌ಚೈನನ್ನು ನಡೆಸುವವರೆಲ್ಲ ಒಪ್ಪಿ ಒಂದೇ ಕ್ಷಣದಲ್ಲಿ ಹೊಸ ನಿಯಮಗಳಿಗೆ ಬದಲಾಗುವುದು. ಸ್ಟೀಮ್‌ನಲ್ಲಿ ಈ ಅಧಿಕಾರವಿದ್ದುದು ಪಾಲುದಾರರ ಮತದಿಂದ ಆಯ್ಕೆಯಾಗುತ್ತಿದ್ದ, ವಿಟ್ನೆಸ್ ಎಂದು ಕರೆಯಲಾಗುತ್ತಿದ್ದ ಮೊದಲ 20 ಮಂದಿ ನಿರ್ವಾಹಕರ ಕೈಯಲ್ಲಿ. ಹೊಸ ನಿಯಮವು ವರ್ಗದ ಸೂತ್ರವನ್ನು ಕೈಬಿಟ್ಟು ಬಹುಮಾನವನ್ನು ಮತದ ತೂಕಕ್ಕೆ ನೇರ ಅನುಪಾತದಲ್ಲಿ ಇರಿಸಿತು. ಸಣ್ಣ ಸದಸ್ಯರ ಮತಕ್ಕೆ ಬೆಲೆ ಬರಲೆಂದು ಕೈಗೊಂಡ ಈ ಸುಧಾರಣೆಯಿಂದ ಪ್ರತಿಯೊಂದು ಮತಕ್ಕೂ ಲೆಕ್ಕ ಹಾಕಬಹುದಾದ ಖಚಿತ ಮೌಲ್ಯ ಬಂದಿತು. ಖಚಿತ ಮೌಲ್ಯ ಬಂದ ಕೂಡಲೇ ಮತ ಮಾರಾಟದ ಸರಕಾಯಿತು. ಬೇರೆಯವರ ಒಳ್ಳೆಯ ಬರಹಕ್ಕೆ ಮತ ಹಾಕಿದವನಿಗೆ ಹೆಚ್ಚೆಂದರೆ ಕ್ಯುರೇಶನ್‌ಗೆ ಮೀಸಲಾದ ಶೇಕಡಾ 25ರ ಪಾಲಿನಲ್ಲಿ ಒಂದಂಶ ಸಿಗುತ್ತಿದ್ದರೆ, ತನ್ನದೇ ಒಂದು ಸಾಲಿನ ಪ್ರತಿಕ್ರಿಯೆಗೆ ಮತ ಹಾಕಿಕೊಂಡವನಿಗೆ ಬರಹಗಾರನ ಶೇಕಡಾ 75 ಸೇರಿ ಬಹುತೇಕ ಪೂರ್ಣ ಮೊತ್ತ ಸಿಗುತ್ತಿತ್ತು. ದಿನಕ್ಕೆ ಹತ್ತು ಪೂರ್ಣ ಮತಗಳಿಗೆ ಸಾಲುವಷ್ಟು ಮತಶಕ್ತಿ ಮರುಪೂರಣವಾಗುವ ವ್ಯವಸ್ಥೆಯಲ್ಲಿ ಆ ಹತ್ತನ್ನೂ ತನಗೇ ಹಾಕಿಕೊಳ್ಳುವವನು ಪ್ರಾಮಾಣಿಕವಾಗಿ ಓದಿ ಮತ ಹಾಕುವವನಿಗಿಂತ ಹಲವು ಪಟ್ಟು ಗಳಿಸುತ್ತಿದ್ದನು.

ಬಿಡ್ ಬಾಟ್ ಎಂಬ ಸ್ವಯಂಚಾಲಿತ ಮತಮಾರಾಟದ ಯಂತ್ರಗಳು ಮೆರೆದದ್ದು ಈ ನೆಲದಲ್ಲಿ. ದೊಡ್ಡ ಪಾಲುದಾರರು ತಮ್ಮ ಸ್ಟೀಮ್ ಪವರ್ ಅನ್ನು ಇಂಥ ಖಾತೆಗಳಿಗೆ ಬಾಡಿಗೆಗೆ ಕೊಟ್ಟು ದಿನನಿತ್ಯದ ವರಮಾನ ಪಡೆಯುತ್ತಿದ್ದರು. ಒಂದು ಪೂರ್ಣ ಮತದಿಂದ ಖರ್ಚಾದ ಶೇಕಡಾ 2ರಷ್ಟು ಶಕ್ತಿ ಮರಳಿ ತುಂಬಲು 2.4 ಗಂಟೆ ಬೇಕಾಗಿದ್ದುದರಿಂದ ಬಾಟ್ ಸಾಮಾನ್ಯವಾಗಿ ಅಷ್ಟು ಹೊತ್ತಿಗೊಮ್ಮೆ ಹರಾಜು ನಡೆಸಿ, ಆ ಅವಧಿಯಲ್ಲಿ ಹಣ ಕಳುಹಿಸಿದವರೆಲ್ಲರಿಗೂ ಅವರವರು ಕೊಟ್ಟ ಮೊತ್ತಕ್ಕೆ ತಕ್ಕಂತೆ ಮತವನ್ನು ಹಂಚುತ್ತಿತ್ತು. ತಾಣದ ಜನಪ್ರಿಯ ಬರಹಗಳ ಪುಟ ಇದರಿಂದ ಹಣ ಕೊಟ್ಟು ಮೇಲೇರಿಸಿದ ಬರಹಗಳ ಪಟ್ಟಿಯಾಗಿ ಮಾರ್ಪಟ್ಟಿತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಚಾವೊ ಲಿ ಮತ್ತು ಬಾಲಾಜಿ ಪಳನಿಸಾಮಿ 2019ರಲ್ಲಿ ಪ್ರಕಟಿಸಿದ ಅಧ್ಯಯನವು ಸ್ಟೀಮಿಟ್‌ನಲ್ಲಿ ನಡೆದ ಹಣ ವರ್ಗಾವಣೆಗಳಲ್ಲಿ ಶೇಕಡಾ 16ಕ್ಕಿಂತ ಹೆಚ್ಚಿನವು ಬಾಟ್‌ಗಳೆಂದು ಶಂಕಿಸಬಹುದಾದ ಖಾತೆಗಳಿಗೆ ಸೇರಿದ್ದನ್ನು ತೋರಿಸಿತು. ಓದದೆಯೇ ಮತ ಹಾಕುವುದು ಓದಿ ಮತ ಹಾಕುವುದಕ್ಕಿಂತ ಲಾಭದಾಯಕವಾದ ಮೇಲೆ, ಓದುಗರ ತೀರ್ಪಿನಿಂದ ಬೆಲೆ ಕಟ್ಟುವ ಮೂಲ ಸಂಕಲ್ಪಕ್ಕೆ ಅರ್ಥವೇ ಉಳಿಯಲಿಲ್ಲ.

ಎಲ್ಲರ ಕೈಯಲ್ಲಿದ್ದ ವಿರುದ್ಧಮತ ಈ ಅವಧಿಯಲ್ಲಿ ಏಕೆ ಕೆಲಸ ಮಾಡಲಿಲ್ಲವೆಂಬುದು ಈ ಚರಿತ್ರೆಯ ತಿರುಳು. ಅಪ್‌ವೋಟಿಗೂ ಡೌನ್‌ವೋಟಿಗೂ ಖರ್ಚಾಗುತ್ತಿದ್ದುದು ಒಂದೇ ಮತಶಕ್ತಿ. ದುರ್ಬಳಕೆಯನ್ನು ತಡೆಯಲು ವಿರುದ್ಧಮತ ಹಾಕಿದವನು ಅಷ್ಟರಮಟ್ಟಿಗೆ ತನ್ನ ಕ್ಯುರೇಶನ್ ವರಮಾನವನ್ನು ಕಳೆದುಕೊಳ್ಳುತ್ತಿದ್ದನು. ಅವನ ಶ್ರಮದಿಂದ ನಿಧಿಗೆ ಮರಳಿದ ಹಣ ಮಾತ್ರ ಎಲ್ಲ ಸದಸ್ಯರಿಗೂ ಹಂಚಿಹೋಗುತ್ತಿತ್ತು. ಇದರ ಮೇಲೆ, ಪೆಟ್ಟು ತಿಂದ ಬಲಾಢ್ಯನು ಸೇಡಿಗಾಗಿ ಅವನ ಬರಹಗಳನ್ನೆಲ್ಲ ವಿರುದ್ಧಮತದಿಂದ ತುಳಿದುಬಿಡುವ ಭಯವೂ ಇತ್ತು. ಕಾವಲು ಕಾಯಲು ಸಾಕಷ್ಟು ಬಲವಿದ್ದವರೇ ಹಲವು ಸಂದರ್ಭಗಳಲ್ಲಿ ಬಾಟ್‌ಗಳಿಗೆ ಪಾಲು ಬಾಡಿಗೆಗೆ ಕೊಟ್ಟವರೂ ಆಗಿದ್ದುದರಿಂದ ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿ ಒದಗಿತು. 2018ರಲ್ಲಿ ಸ್ಟೀಮ್‌ಫ್ಲ್ಯಾಗ್‌ರಿವಾರ್ಡ್ಸ್ ಎಂಬ ತಂಡ ಸಕಾರಣವಾಗಿ ವಿರುದ್ಧಮತ ಹಾಕಿದವರಿಗೆ ಮೆಚ್ಚುಗೆಯ ಮತದ ಮೂಲಕ ನಷ್ಟ ತುಂಬಿಕೊಡಲು ಮುಂದಾದದ್ದು ರೋಗದ ಮೂಲವನ್ನು ಸರಿಯಾಗಿ ಗುರುತಿಸಿದ ಪ್ರಯತ್ನವಾಗಿತ್ತು.

ಆ ತಿಳಿವಳಿಕೆ ನಿಯಮದ ರೂಪ ತಾಳಿದ್ದು 2019ರ ಆಗಸ್ಟ್ 27ರಂದು ಜಾರಿಗೆ ಬಂದ 21ನೆಯ ಹಾರ್ಡ್ ಫೋರ್ಕ್‌ನಲ್ಲಿ. ನಾಣ್ಯದ ಬೆಲೆ 2018ರ ಜನವರಿಯಲ್ಲಿ 8 ಡಾಲರ್ ಮೀರಿ, ಅನಂತರ ಕುಸಿದು, ಸ್ಟೀಮಿಟ್ ಕಂಪನಿ ಅದೇ ವರ್ಷದ ನವೆಂಬರ್‌ನಲ್ಲಿ ಶೇಕಡಾ 70ರಷ್ಟು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಬೇಕಾಗಿ ಬಂದಿದ್ದುದು ಬದಲಾವಣೆಯ ಒತ್ತಡವನ್ನು ಹೆಚ್ಚಿಸಿತ್ತು. ಹೊಸ ನಿಯಮಗಳಲ್ಲಿ ಪರಸ್ಪರ ಪೂರಕವಾದ ಮೂರು ಅಂಶಗಳಿದ್ದವು. ಬರಹಗಾರರಿಗೂ ಮತದಾರರಿಗೂ ಬಹುಮಾನವನ್ನು ಸಮಪಾಲಾಗಿ ಹಂಚಿ, ಪ್ರಾಮಾಣಿಕ ಓದುಗನ ಗಳಿಕೆಗೂ ಸ್ವಂತಕ್ಕೆ ಮತ ಹಾಕಿಕೊಳ್ಳುವವನ ಗಳಿಕೆಗೂ ಇದ್ದ ಅಂತರವನ್ನು ತಗ್ಗಿಸಿದ್ದು ಮೊದಲನೆಯದು. ಕಡಿಮೆ ಮತ ಪಡೆದ ಬರಹಕ್ಕೆ ಅನುಪಾತಕ್ಕಿಂತ ಕಡಿಮೆ ಹಣ ನೀಡಿ, ಯಾರ ಕಣ್ಣಿಗೂ ಬೀಳದಂತೆ ಹತ್ತಾರು ಪ್ರತಿಕ್ರಿಯೆಗಳಲ್ಲಿ ಚೂರುಚೂರಾಗಿ ಹಣ ಎತ್ತುವ ಉಪಾಯಕ್ಕೆ ತಡೆಯೊಡ್ಡಿದ್ದು ಎರಡನೆಯದು. ಪ್ರತಿಯೊಬ್ಬ ಸದಸ್ಯನಿಗೂ ಮತಶಕ್ತಿಯ ಶೇಕಡಾ 25ರಷ್ಟನ್ನು ವಿರುದ್ಧಮತಕ್ಕೆಂದೇ ಪ್ರತ್ಯೇಕವಾಗಿ, ಯಾವ ವರಮಾನವನ್ನೂ ಕಳೆದುಕೊಳ್ಳದೆ ಬಳಸುವಂತೆ ಒದಗಿಸಿದ್ದು ಮೂರನೆಯದು ಮತ್ತು ನಿರ್ಣಾಯಕವಾದದ್ದು.

ಫಲಿತಾಂಶ ಬೇಗನೆ ಕಾಣಿಸಿತು. ಹಣ ಕೊಟ್ಟು ಮೇಲೇರಿಸಿದ ಬರಹಗಳ ಮೇಲೆ ದೊಡ್ಡ ಪಾಲುದಾರರು ಉಚಿತ ವಿರುದ್ಧಮತಗಳನ್ನು ಹಾಕಲಾರಂಭಿಸಿದಾಗ, ಮತ ಕೊಂಡವನಿಗೆ ಕೊಟ್ಟ ಹಣವೂ ಮರಳಿ ಬರುವ ಭರವಸೆಯಿಲ್ಲದಂತಾಗಿ, ಮುಖ್ಯ ಬಿಡ್ ಬಾಟ್‌ಗಳಲ್ಲಿ ಹಲವು ಮುಚ್ಚಿದವು ಅಥವಾ ಓದಿ ಮತ ಹಾಕುವ ಸೇವೆಗಳಾಗಿ ಬದಲಾದವು. ಆದರೆ ಈ ಪರಿಹಾರಕ್ಕೂ ಬೆಲೆಯಿತ್ತು. ಅಡಗಿಸಿಟ್ಟ ಮೋಸವನ್ನು ತಡೆಯುವ ಎರಡನೆಯ ನಿಯಮ ಹೆಚ್ಚು ಓದುಗರಿಲ್ಲದ ಹೊಸ ಬರಹಗಾರರ ಅಲ್ಪ ಗಳಿಕೆಯನ್ನೂ ಕತ್ತರಿಸಿತು. ಉಚಿತ ವಿರುದ್ಧಮತ ಭಿನ್ನಾಭಿಪ್ರಾಯವಿದ್ದವರನ್ನು ದಂಡಿಸುವ ಸಾಧನವಾಗಿಯೂ ಬಳಕೆಯಾಯಿತು.

2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನ್‌ನ ಸಂಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡಾಗ ಅಪಾಯ ಬಹುಮಾನ ನಿಧಿಯಿಂದ ಆಡಳಿತಕ್ಕೇ ದಾಟಿತು. ಕಂಪನಿಯ ಬಳಿ ಆರಂಭದಿಂದಲೂ ಇದ್ದ ಭಾರಿ ಪಾಲಿನ ಬಲಕ್ಕೆ ಹೆದರಿದ ವಿಟ್ನೆಸ್‌ಗಳು ಆ ಪಾಲನ್ನು ತಾತ್ಕಾಲಿಕವಾಗಿ ಸ್ತಂಭನಗೊಳಿಸಿದರು. ಮಾರ್ಚ್ 2ರಂದು ಬಿನಾನ್ಸ್, ಹುಓಬಿ ಮತ್ತು ಪೊಲೊನಿಕ್ಸ್ ವಿನಿಮಯ ಕೇಂದ್ರಗಳು ಗ್ರಾಹಕರು ಇರಿಸಿದ್ದ ನಾಣ್ಯಗಳಿಂದ ಸನ್ ಪರವಾಗಿ ಮತ ಹಾಕಿ ಆ ವಿಟ್ನೆಸ್‌ಗಳನ್ನು ಪದಚ್ಯುತಗೊಳಿಸಿದವು. ಸಮುದಾಯದ ಒಂದು ದೊಡ್ಡ ಭಾಗ ಮಾರ್ಚ್ 20ರಂದು ಹೈವ್ ಎಂಬ ಪ್ರತ್ಯೇಕ ಬ್ಲಾಕ್‌ಚೈನ್ ಸ್ಥಾಪಿಸಿ ಹೊರನಡೆಯಿತು. ಹೊಸದಾಗಿ ತೊಡಗಿಸಿದ ಪಾಲಿಗೆ ಆಡಳಿತದ ಮತಾಧಿಕಾರ 30 ದಿನಗಳ ನಂತರವೇ ದೊರೆಯುವಂತೆ ಹೈವ್ ಅದೇ ವರ್ಷ ನಿಯಮ ಮಾಡಿತು. 2021ರ ಜೂನ್‌ನಲ್ಲಿ ಬಹುಮಾನವನ್ನು ಮತ್ತೆ ನೇರ ಅನುಪಾತಕ್ಕೆ ತಂದಿತು. ಮತಮಾರಾಟಕ್ಕೆ ದಾರಿ ಮಾಡಿಕೊಟ್ಟಿದ್ದ 2017ರ ಸೂತ್ರವೇ ಮರಳಿ ಬಂದರೂ ಬಿಡ್ ಬಾಟ್‌ಗಳ ಹಿಂದಿನ ಮೆರೆದಾಟ ಅಲ್ಲಿ ಮರುಕಳಿಸಲಿಲ್ಲ. ಈ ಬಾರಿ ಅದರ ಜೊತೆಗೆ ಉಚಿತ ವಿರುದ್ಧಮತವೂ, ಅದನ್ನು ಬಳಸುವ ಸಮುದಾಯದ ರೂಢಿಯೂ, ಹೈವ್‌ವಾಚರ್ಸ್‌ನಂಥ ಕಾವಲು ತಂಡಗಳೂ ಇದ್ದವು.

ಸಾಮೂಹಿಕ ಸಂಪನ್ಮೂಲಗಳ ನಿರ್ವಹಣೆಯ ಕುರಿತು 1990ರಲ್ಲಿ ಪ್ರಕಟವಾದ ಕೃತಿಯಲ್ಲಿ ಎಲಿನರ್ ಆಸ್ಟ್ರಂ, ಗೋಮಾಳ, ಮೀನುಗಾರಿಕೆಯ ನೆಲೆ ಮತ್ತು ನೀರಾವರಿ ಕಾಲುವೆಗಳನ್ನು ದೀರ್ಘಕಾಲ ಉಳಿಸಿಕೊಂಡ ಸಮುದಾಯಗಳಲ್ಲಿ ಕಾವಲು ಕಾಯುವವರು ಬಳಕೆದಾರರಿಗೆ ಉತ್ತರದಾಯಿಗಳಾಗಿರುವುದನ್ನೂ, ದಂಡನೆ ತಪ್ಪಿನ ತೂಕಕ್ಕೆ ತಕ್ಕಂತೆ ಹಂತಹಂತವಾಗಿ ಏರುವುದನ್ನೂ ಗುರುತಿಸಿದ್ದರು. ಸ್ಟೀಮ್ ಮೊದಲ ಮೂರು ವರ್ಷಗಳಲ್ಲಿ ಹಂಚಿಕೆಯ ಸೂತ್ರವನ್ನು ಮತ್ತೆ ಮತ್ತೆ ತಿದ್ದಿದರೂ ಕಾವಲುಗಾರನ ನಷ್ಟವನ್ನು ಹಾಗೆಯೇ ಬಿಟ್ಟಿತು; ಪ್ರತಿ ತಿದ್ದುಪಡಿಯೂ ಲಾಭದ ದಾರಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಸಿತೇ ಹೊರತು ಮುಚ್ಚಲಿಲ್ಲ. ಆ ನಷ್ಟವನ್ನು ನಿವಾರಿಸಿದ ಮೇಲೆ ದುರ್ಬಳಕೆ ಹಿಡಿತಕ್ಕೆ ಬಂದಿತು, ಆದರೆ ಕಾವಲುಗಾರನೇ ತಪ್ಪೆಸಗಿದಾಗ ಅವನನ್ನು ಪ್ರಶ್ನಿಸುವ ಕ್ರಮಬದ್ಧ ವ್ಯವಸ್ಥೆ ಮಾತ್ರ ಪೂರ್ಣವಾಗಿ ರೂಪುಗೊಳ್ಳಲಿಲ್ಲ. ಬರಹಗಾರರಿಗೆ ನ್ಯಾಯವಾದ ಪ್ರತಿಫಲ ನೀಡುವ ಆಶಯ ಇಂದಿಗೂ ಗೌರವಕ್ಕೆ ಅರ್ಹವಾದದ್ದು. ಅದನ್ನು ಮುಂದಕ್ಕೆ ಒಯ್ಯುವವರು ಹಣ ಹಂಚುವ ನಿಯಮವನ್ನು ಬರೆಯುವ ಮೊದಲೇ, ಆ ಹಣವನ್ನು ಯಾರು ಕಾಯಬೇಕು, ಅವರ ಶ್ರಮಕ್ಕೆ ಯಾರು ಬೆಲೆ ತೆರಬೇಕು ಮತ್ತು ಅವರು ಯಾರಿಗೆ ಉತ್ತರ ಹೇಳಬೇಕು ಎಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ.