ಕೆಂಪಿನ ಆಚೆಗಿದ್ದ ಬಿಸಿ

ಚಳಿಗಾಲ ಬಂತೆಂದರೆ ಈ ಮಾತು ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ: "ಹೀಟಿಂಗ್ ಆಫ್ ಮಾಡು, ಸ್ವೆಟರ್ ಹಾಕ್ಕೋ." ಅಮ್ಮ ಬಾಗಿಲ ಸಂದಿಗೆ ಹಳೇ ಟವೆಲ್ ತುರುಕುತ್ತಾರೆ, ಅಪ್ಪ ಮೀಟರ್ ನೋಡುತ್ತಾರೆ. ಬಿಸಿ ಎಲ್ಲಿ ಸೋರುತ್ತಿದೆ ಎಂಬುದು ಮಾತ್ರ ಯಾರ ಕಣ್ಣಿಗೂ ಕಾಣುವುದಿಲ್ಲ. ಅದನ್ನು ತೋರಿಸುವ ಥರ್ಮಲ್ ಕ್ಯಾಮೆರಾದ ಕಥೆ ಶುರುವಾದದ್ದು ದೂರದಲ್ಲೇನೂ ಅಲ್ಲ, ಹೀಥ್ರೂ ಆಚೆಗಿನ ಸ್ಲೌನಲ್ಲಿ.

ವಿಲಿಯಂ ಹರ್ಷೆಲ್ ಕೂಡ ಹೊರಗಿನಿಂದ ಬಂದವನೇ. ಊರು ಜರ್ಮನಿಯ ಹ್ಯಾನೋವರ್, ಕಸುಬು ಸಂಗೀತ. 1781ರಲ್ಲಿ ಬಾತ್‌ನಲ್ಲಿದ್ದಾಗ ಯುರೇನಸ್ ಗ್ರಹ ಕಂಡು ಹೆಸರಾದ, ಆಮೇಲೆ ಸ್ಲೌನಲ್ಲಿ ನೆಲೆಸಿದ. ಸೂರ್ಯನನ್ನು ನೋಡಲು ಬಣ್ಣದ ಗಾಜು ಹುಡುಕುತ್ತಿದ್ದವನಿಗೆ ಒಂದು ವಿಷಯ ವಿಚಿತ್ರವೆನಿಸಿತು. ಕೆಲವು ಗಾಜುಗಳು ಬೆಳಕನ್ನು ತಡೆದರೂ ಬಿಸಿಯನ್ನು ಬಿಡುತ್ತಿದ್ದವು. 1800ರಲ್ಲಿ ಪ್ರಿಸಂನಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಒಂದೊಂದರಲ್ಲೂ ಥರ್ಮಾಮೀಟರ್ ಇಟ್ಟ. ನೇರಳೆಗಿಂತ ಹಸಿರು, ಹಸಿರಿಗಿಂತ ಕೆಂಪು ಹೆಚ್ಚು ಬಿಸಿ. ಕೆಂಪಿನ ಆಚೆ, ಬಣ್ಣವೇ ಇಲ್ಲದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು! ನಾವೀಗ ಇನ್‌ಫ್ರಾರೆಡ್ ಎನ್ನುವುದು ಅದನ್ನೇ.

ನನಗೆ ಇನ್ನೂ ಇಷ್ಟವಾದದ್ದು ಮಗ ಜಾನ್ ಹರ್ಷೆಲ್‌ನ ಕೆಲಸ. 1840ರಲ್ಲಿ ಅವನು ತೆಳು ಕಾಗದದ ಒಂದು ಬದಿಗೆ ದೀಪದ ಮಸಿ ಹಿಡಿಸಿ (ನಮ್ಮಜ್ಜಿಯರು ಕಾಡಿಗೆಗೆ ಹಿಡಿಯುತ್ತಿದ್ದ ಹಾಗೆಯೇ), ಆಲ್ಕೋಹಾಲಿನಲ್ಲಿ ನೆನೆಸಿ ಬಿಸಿಲ ಪಟ್ಟಿಗೆ ಒಡ್ಡಿದ. ಬಿಸಿ ತಾಗಿದ ಕಡೆ ಬೇಗ ಒಣಗಿ ಬಿಳಿಚಿತು. ಕಾಣದ ಬಿಸಿಯ ಚಿತ್ರ ಮೂಡಿತು.

ಮುಂದಿನ ನೂರೈವತ್ತಕ್ಕೂ ಹೆಚ್ಚು ವರ್ಷಗಳನ್ನು ಹಾರಿಸುತ್ತೇನೆ. ಅದರಲ್ಲಿ ಒಂದಷ್ಟು ಭಾಗ ಕತ್ತಲಲ್ಲಿ ಶತ್ರುವನ್ನು ಹುಡುಕುವ ಸೈನ್ಯದ ಕಥೆ. 2007ಕ್ಕೆ ಬರೋಣ. ಉತ್ತರ ಲಂಡನ್ನಿನ ಹ್ಯಾರಿಂಗೇ ಕೌನ್ಸಿಲ್, ವಿಮಾನದಿಂದ ತೆಗೆದ ಥರ್ಮಲ್ ಚಿತ್ರಗಳ ನಕ್ಷೆಯನ್ನು ಅಂತರ್ಜಾಲದಲ್ಲಿ ಹಾಕಿತು. ಯಾರ ಚಾವಣಿಯಿಂದ ಎಷ್ಟು ಬಿಸಿ ಸೋರುತ್ತಿದೆ ಎಂದು ಬೀದಿಬೀದಿಯಾಗಿ ನೋಡಬಹುದಿತ್ತು. ಪಕ್ಕದ ಮನೆಯವರದೂ ಸೇರಿ!

ಆದರೆ ಇಂಥ ನಕ್ಷೆಯನ್ನು ಹುಷಾರಾಗಿ ಓದಬೇಕು. ತಣ್ಣಗೆ ಕಂಡ ಚಾವಣಿಯ ಕೆಳಗೆ ಒಳ್ಳೆಯ ಇನ್ಸುಲೇಷನ್ ಇರಬಹುದು. ಬಿಲ್ಲಿಗೆ ಹೆದರಿ ಹೀಟಿಂಗ್ ಹಾಕದೆ ಶಾಲು ಹೊದ್ದು ಕೂತ ಅಜ್ಜಿಯೂ ಇರಬಹುದು. ಕ್ಯಾಮೆರಾಗೆ ಇಬ್ಬರೂ ಒಂದೇ ನೀಲಿ. ಗೋಡೆಗಳಂತೂ ಮೇಲಿನಿಂದ ಕಾಣುವುದೇ ಇಲ್ಲ. ವಿಕ್ಟೋರಿಯನ್ ಸಾಲುಮನೆಗಳಲ್ಲಿ ನಡುವೆ ಟೊಳ್ಳಿಲ್ಲದ ಇಟ್ಟಿಗೆ ಗೋಡೆಯೇ ದೊಡ್ಡ ಸೋರಿಕೆ.

ಈಗ ಫೋನಿಗೆ ಸಿಕ್ಕಿಸುವ ಪುಟ್ಟ ಕ್ಯಾಮೆರಾಗಳೇ ಇವೆ. ಸಿಕ್ಕರೆ, ಹೊರಗಿಗಿಂತ ಮನೆಯೊಳಗೆ 10 ಡಿಗ್ರಿಯಾದರೂ ಬೆಚ್ಚಗಿರುವ ರಾತ್ರಿ ಒಳಗಿನಿಂದ ನೋಡಿ. ಸ್ಕರ್ಟಿಂಗ್ ಹತ್ತಿರ, ಲಾಫ್ಟ್ ಮುಚ್ಚಳದ ಅಂಚಿನಲ್ಲಿ, ಅಮ್ಮನ ಟವೆಲಿನ ಆಚೀಚೆ ತಣ್ಣನೆ ಗೆರೆ ಕಂಡರೆ ಗಾಳಿ ನುಗ್ಗುವುದು ಅಲ್ಲೇ. ಕಿಟಕಿ ಗಾಜಿಗೆ ನೇರ ಹಿಡಿದಾಗ ಬೆಚ್ಚನೆಯ ಮುಖವೊಂದು ಕಂಡರೆ ಗಾಬರಿಯಾಗಬೇಡಿ. ಈ ಕಿರಣಗಳಿಗೆ ಗಾಜು ಕನ್ನಡಿಯ ಹಾಗೆ. ಆ ಮುಖ ನಿಮ್ಮದೇ.