ಕ್ಲಾಸಿಕ್ ಕಾರುಗಳ ಇಂಧನ ಪಂಪು: ಬದಲಿ ಮತ್ತು ಜೋಡಿ ಪಂಪುಗಳ ಇತಿಹಾಸ

ಟ್ಯಾಂಕಿನಲ್ಲಿರುವ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ಮುಟ್ಟಿಸುವ ಸಾಧನವೇ ಇಂಧನ ಪಂಪು. ಹಳೆಯ ಕಾರು ನಡುದಾರಿಯಲ್ಲಿ ನಿಂತಾಗ ಮೆಕ್ಯಾನಿಕ್ ಮೊದಲು ಅನುಮಾನಿಸುವ ಭಾಗಗಳಲ್ಲಿ ಇದೂ ಒಂದು. ಮೂಲ ಪಂಪನ್ನು ತೆಗೆದು ಬೇರೆಯದನ್ನು ಕೂರಿಸುವುದು, ಇಲ್ಲವೇ ಅದರ ಜೊತೆಗೆ ಇನ್ನೊಂದನ್ನು ಇಡುವುದು ಇತ್ತೀಚಿನ ಹವ್ಯಾಸಿಗಳು ಕಂಡುಕೊಂಡ ಉಪಾಯವಲ್ಲ. ತಯಾರಕರೇ ಆ ದಾರಿ ತೋರಿಸಿದ್ದರು.

ಮೊದಮೊದಲ ಅನೇಕ ಕಾರುಗಳಿಗೆ ಪಂಪೇ ಇರಲಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಕಡಿದಾದ ಏರಿನಲ್ಲಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆಯಿದ್ದರೆ, ಎಂಜಿನ್ ಟ್ಯಾಂಕಿಗಿಂತ ಎತ್ತರಕ್ಕೆ ಹೋಗಿ ಹರಿವು ನಿಲ್ಲುತ್ತಿತ್ತು. ಚಾಲಕರು ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ದರು. ಮುಂದಿನ ಮಾಡೆಲ್ ಎಯಲ್ಲಿ ಟ್ಯಾಂಕನ್ನು ವಿಂಡ್‌ಶೀಲ್ಡಿನ ಮುಂದಕ್ಕೆ, ಎತ್ತರದಲ್ಲಿ ಇಟ್ಟರು. ತೊಂದರೆ ತಪ್ಪಿತು, ಆದರೆ ಪೆಟ್ರೋಲ್ ಕೂತವರ ಮೊಣಕಾಲ ಮೇಲೆಯೇ ಬಂದ ಹಾಗಾಯಿತು.

ಟ್ಯಾಂಕ್ ಕಾರಿನ ಹಿಂಬದಿಗೆ ಹೋದಾಗ ಬೇರೆ ಉಪಾಯಗಳು ಬೇಕಾದವು. ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್‌ನಲ್ಲಿ ಟ್ಯಾಂಕಿಗೆ ಗಾಳಿ ಒತ್ತಿ ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತಿದ್ದರು. ಅಮೆರಿಕದ ಸ್ಟೀವರ್ಟ್ ವಾರ್ನರ್ ಮತ್ತು ಇಂಗ್ಲೆಂಡಿನ ಆಟೋವ್ಯಾಕ್ ಸಾಧನಗಳು ಎಂಜಿನ್ನಿನ ಹೀರುಬಲದಿಂದಲೇ ಪೆಟ್ರೋಲನ್ನು ಬಾನೆಟ್ ಒಳಗಿನ ಪುಟ್ಟ ತೊಟ್ಟಿಗೆ ಎಳೆದುಕೊಳ್ಳುತ್ತಿದ್ದವು. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಹೀರುಬಲ ಕುಸಿಯುವುದರಿಂದ ಉದ್ದನೆಯ ಏರಿನಲ್ಲಿ ಆ ತೊಟ್ಟಿ ಬರಿದಾಗುವ ಭಯವಿತ್ತು. ಪೆಟ್ರೋಲ್ ಹೆಚ್ಚು ಬೇಕಾದ ಹೊತ್ತಿನಲ್ಲೇ ಕೈಕೊಡುವ ಏರ್ಪಾಡು ಬಹುಕಾಲ ಬಾಳಲಿಲ್ಲ.

1920ರ ದಶಕದ ಕೊನೆಗೆ ಎಸಿ ಕಂಪನಿಯ ಡಯಾಫ್ರಮ್ ಪಂಪು ಬಂದಮೇಲೆ ಚಿತ್ರ ಬದಲಾಯಿತು. ಕ್ಯಾಮ್‌ಶಾಫ್ಟ್ ತಿರುಗಿದಂತೆ ಒಂದು ಸನ್ನೆ ಡಯಾಫ್ರಮನ್ನು ಎಳೆಯುತ್ತದೆ. ಅದನ್ನು ವಾಪಸು ತಳ್ಳಿ ಪೆಟ್ರೋಲನ್ನು ಕಳಿಸುವುದು ಸ್ಪ್ರಿಂಗ್. ಹಾಗಾಗಿ ಒತ್ತಡವನ್ನು ನಿರ್ಧರಿಸುವುದು ಎಂಜಿನ್ನಿನ ವೇಗವಲ್ಲ, ಆ ಸ್ಪ್ರಿಂಗಿನ ಬಿಗಿ. ಸರಳವೂ ಅಗ್ಗವೂ ಆದ ಈ ಪಂಪು ಅರ್ಧ ಶತಮಾನಕ್ಕೂ ಮೀರಿ ಚಲಾವಣೆಯಲ್ಲಿತ್ತು. ಆದರೆ ಅದರ ಜಾಗವೇ ಅದಕ್ಕೆ ಶತ್ರು. ಕಾಯುವ ಎಂಜಿನ್ನಿಗೆ ಅಂಟಿಕೊಂಡು, ದೂರದ ಟ್ಯಾಂಕಿನಿಂದ ಹೀರಬೇಕು. ಹೀರುವ ಕೊಳವೆಯಲ್ಲಿ ಒತ್ತಡ ಇಳಿದಾಗ ಪೆಟ್ರೋಲ್ ಬೇಗ ಆವಿಯಾಗುತ್ತದೆ, ಆ ಆವಿಯನ್ನು ತಳ್ಳಲು ಪಂಪಿಗೆ ಆಗುವುದಿಲ್ಲ. ‘ವೇಪರ್ ಲಾಕ್’ ಎನ್ನುವುದು ಇದನ್ನೇ. ಬೇಸಿಗೆಯಲ್ಲಿ ಘಾಟಿ ಹತ್ತುವ ಫಿಯೆಟ್ 1100 ಮತ್ತು ಪ್ರೀಮಿಯರ್ ಪದ್ಮಿನಿಗಳನ್ನು ಪಕ್ಕಕ್ಕೆ ನಿಲ್ಲಿಸಿ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ.

ಇಂಗ್ಲೆಂಡಿನ ಎಸ್‌ಯು ಕಂಪನಿಯ ವಿದ್ಯುತ್ ಪಂಪು ಇನ್ನೊಂದು ಕವಲು. ಸ್ಕಿನ್ನರ್ ಸಹೋದರರ ಈ ಸಂಸ್ಥೆ ಕಾರ್ಬ್ಯುರೇಟರಿಗೆ ಮೊದಲೇ ಹೆಸರಾಗಿತ್ತು. ಪಂಪಿನಲ್ಲಿ ವಿದ್ಯುತ್ ಸುರುಳಿ ಡಯಾಫ್ರಮನ್ನು ಎಳೆಯುತ್ತದೆ. ಎಳೆದ ಕೊನೆಯಲ್ಲಿ ವಿದ್ಯುತ್ ಸಂಪರ್ಕದ ಪಾಯಿಂಟುಗಳು ಬಿಟ್ಟುಕೊಂಡು ವಿದ್ಯುತ್ ಕಡಿದುಹೋಗುತ್ತದೆ. ಸ್ಪ್ರಿಂಗ್ ಪೆಟ್ರೋಲನ್ನು ತಳ್ಳುತ್ತದೆ. ಪಾಯಿಂಟುಗಳು ಮತ್ತೆ ಕೂಡುತ್ತವೆ. ಎಂಜಿನ್ ಶುರುವಾಗುವ ಮೊದಲೇ ಕಾರ್ಬ್ಯುರೇಟರ್ ತುಂಬಿಕೊಳ್ಳುತ್ತಿತ್ತು, ಟಿಕ್ ಟಿಕ್ ಸದ್ದು ನಿಂತರೆ ತುಂಬಿತೆಂದು ಗೊತ್ತಾಗುತ್ತಿತ್ತು. ಮಾರಿಸ್ ಮೈನರ್, ಎಂಜಿ, ಜಾಗ್ವಾರ್ ಕಾರುಗಳು ಇದನ್ನು ಬಳಸಿದವು. ದೌರ್ಬಲ್ಯವೆಲ್ಲ ಪಾಯಿಂಟುಗಳಲ್ಲಿತ್ತು. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅವು ಕಿಲುಬು ಹಿಡಿಯುತ್ತಿದ್ದವು, ಪಂಪಿಗೆ ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದರೆ ಮತ್ತೆ ಓಡುತ್ತಿತ್ತು.

ಜೋಡಿ ಪಂಪಿನ ಯೋಚನೆ ಮೂಡಿದ್ದೂ ಇಲ್ಲಿಂದಲೇ. ಎರಡನೇ ಮಹಾಯುದ್ಧದ ನಂತರದ ಬೆಂಟ್ಲಿ ಮತ್ತು ರೋಲ್ಸ್‌ರಾಯ್ಸ್ ಕಾರುಗಳಲ್ಲಿ ಒಂದೇ ಮೈಯಲ್ಲಿ ಎರಡು ಎಸ್‌ಯು ಪಂಪುಗಳನ್ನು ಅಳವಡಿಸಿದ್ದರು. ಒಂದು ನಿಂತರೂ ಇನ್ನೊಂದರಿಂದ ಕಾರು ಮನೆ ಸೇರುತ್ತಿತ್ತು. ಜಾಗ್ವಾರ್ ಇನ್ನೊಂದು ಪ್ರಯೋಗಕ್ಕೂ ಕೈಹಾಕಿತು. 1961ರ ಇ-ಟೈಪ್‌ನಲ್ಲಿ ಲ್ಯೂಕಾಸ್ ಪಂಪನ್ನು ಟ್ಯಾಂಕಿನೊಳಗೇ ಮುಳುಗಿಸಿತು. 1964ರ 4.2 ಲೀಟರ್ ಮಾದರಿಯಲ್ಲಿ ಮತ್ತೆ ಹೊರಗಿನ ಎಸ್‌ಯುಗೆ ಮರಳಿತು. ಮುಂದೆ ಫ್ಯೂಯಲ್ ಇಂಜೆಕ್ಷನ್ ಬಂದಾಗ ಟ್ಯಾಂಕಿನೊಳಗಿನ ಪಂಪೇ ರೂಢಿಯಾಯಿತು.

ಈಗ ಬದಲಿಗೆ ಪಾಯಿಂಟುಗಳಿಲ್ಲದ ಟ್ರಾನ್ಸಿಸ್ಟರ್ ಪಂಪುಗಳಿವೆ. ಅಮೆರಿಕದ ಫೇಸೆಟ್ ಪಂಪು ಹವ್ಯಾಸಿಗಳಿಗೆ ಚಿರಪರಿಚಿತ. ಎಸ್‌ಯು ಹೆಸರಿನಲ್ಲೇ ಇಂಗ್ಲೆಂಡಿನ ಬರ್ಲೆನ್ ಸಂಸ್ಥೆ ಹಳೆಯ ಆಕಾರದೊಳಗೆ ಎಲೆಕ್ಟ್ರಾನಿಕ್ ಅಂಗಗಳನ್ನಿಟ್ಟು ಮಾರುತ್ತದೆ. ನೋಟ ಕೆಡಬಾರದೆನ್ನುವವರಿಗೆ ಇದೇ ಒಳ್ಳೆಯ ಆಯ್ಕೆ. ಕೊಳ್ಳುವಾಗ ಎಡವುವುದು ಎರಡು ಕಡೆ. ಎಸ್‌ಯು ಕಾರ್ಬ್ಯುರೇಟರಿಗೆ ಸುಮಾರು 3 ಪಿಎಸ್‌ಐ ಒತ್ತಡ ಸಾಕು; ಅದರ ಹತ್ತು ಪಟ್ಟಿಗೂ ಹೆಚ್ಚು ಒತ್ತುವ ಇಂಜೆಕ್ಷನ್ ಪಂಪನ್ನು ಹಾಕಿದರೆ ನೀಡಲ್ ವಾಲ್ವ್ ತಡೆಯಲಾರದೆ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಚೆಲ್ಲುತ್ತದೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಅನೇಕವು ಪಾಸಿಟಿವ್ ಅರ್ಥ್‌ನವು, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಮೈಗೆ ಜೋಡಿಸಿದವು. ನೆಗೆಟಿವ್ ಅರ್ಥ್‌ಗಾಗಿ ಮಾಡಿದ ಎಲೆಕ್ಟ್ರಾನಿಕ್ ಪಂಪು ಅಲ್ಲಿ ಸುಟ್ಟುಹೋಗಬಹುದು.

ಮೆಕ್ಯಾನಿಕಲ್ ಪಂಪನ್ನು ಉಳಿಸಿಕೊಂಡು, ಟ್ಯಾಂಕಿನ ಹತ್ತಿರ ಒಂದು ವಿದ್ಯುತ್ ಪಂಪನ್ನು ಸಹಾಯಕ್ಕೆ ಇಡುವ ಪದ್ಧತಿಯೂ ಬಳಕೆಯಲ್ಲಿದೆ. ಹಿಂದಿನಿಂದ ತಳ್ಳುವುದರಿಂದ ವೇಪರ್ ಲಾಕ್ ಕಡಿಮೆಯಾಗುತ್ತದೆ, ಬಹುದಿನ ನಿಂತ ಕಾರು ಬೇಗ ಶುರುವಾಗುತ್ತದೆ. ಆದರೆ ಹಳೆಯ ಪಂಪಿನ ಡಯಾಫ್ರಮ್ ಹರಿದಿದ್ದರೆ ಇದೇ ಸಹಾಯ ವಿಪತ್ತಾಗುತ್ತದೆ. ಹಿಂದಿನ ಪಂಪು ತಳ್ಳಿದ ಪೆಟ್ರೋಲ್ ಆ ಹರುಕಿನ ಮೂಲಕ ಎಂಜಿನ್ ಆಯಿಲಿನೊಳಗೆ ಇಳಿದು, ಆಯಿಲ್ ತೆಳುವಾಗಿ ಬೇರಿಂಗುಗಳು ಸವೆಯುತ್ತವೆ, ಬೆಂಕಿಯ ಅಪಾಯವೂ ಇದೆ. ಆದ್ದರಿಂದ ಸರಣಿಯಲ್ಲಿ ಜೋಡಿಸುವವರು ಮೊದಲು ಹಳೆಯದಕ್ಕೆ ಹೊಸ ಡಯಾಫ್ರಮ್ ಹಾಕಿಸಬೇಕು, ಇಲ್ಲವೇ ಅದನ್ನು ತೆಗೆದು ಎಂಜಿನ್ನಿನ ತೂತಿಗೆ ತಗಡು ಮತ್ತು ಗ್ಯಾಸ್ಕೆಟ್ ಹಾಕಿ ಮುಚ್ಚಬೇಕು. ಎಂಜಿನ್ ನಿಂತರೂ ವಿದ್ಯುತ್ ಪಂಪು ನಿಲ್ಲುವುದಿಲ್ಲವಾದ್ದರಿಂದ, ಡಿಕ್ಕಿಯಾದಾಗ ವಿದ್ಯುತ್ ಕಡಿಯುವ ಇನರ್ಷಿಯಾ ಸ್ವಿಚ್ ಇಲ್ಲದ ಜೋಡಣೆಯನ್ನು ಅರೆಬರೆ ಕೆಲಸವೆಂದೇ ಎಣಿಸಬೇಕು.

ಭಾರತದಲ್ಲಿ ಈ ವಿಷಯಕ್ಕೆ ಹೊಸ ಒತ್ತು ಬಂದಿರುವುದು ಎಥನಾಲ್‌ನಿಂದ. ಶೇ. 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಟ್ಯಾಂಕಿನ ತಳದ ಕೊಳೆಯನ್ನು ಎಬ್ಬಿಸುತ್ತದೆ. ಹಾಗಾಗಿ ಪಂಪನ್ನು ಬದಲಿಸುವವರು ಎಥನಾಲ್ ತಾಳುವ ಡಯಾಫ್ರಮ್ ಮತ್ತು ಹೋಸುಗಳನ್ನೇ ಕೇಳಿ ಕೊಳ್ಳಬೇಕು, ಪಂಪಿಗೆ ಮೊದಲು ಒಂದು ಫಿಲ್ಟರ್ ಹಾಕಿಸಬೇಕು.