ಮಲೆನಾಡಿನ ಬೀಜದ ಹೋರಿ

೧೭೬೩ರಲ್ಲಿ ಬಿದನೂರು ಹೈದರಾಲಿಯ ವಶವಾಗಿ ಕೆಳದಿಯ ರಾಜ್ಯವಳಿಯಿತು; ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕೊಟ್ಟಿಗೆಗಳಲ್ಲಿ ಗಿಡ್ಡ ತಳಿ ಉಳಿಯಿತು. ಮೈಸೂರಿನ ಅಮೃತಮಹಲಿಗೆ ಮೀಸಲು ಕಾವಲುಗಳಿದ್ದವು. ಮೂರಡಿ ಎತ್ತರದ ಗಿಡ್ಡಕ್ಕಾದರೋ ಬೆಟ್ಟ, ಬ್ಯಾಣ ಹಾಗೂ ರೈತನ ವಿವೇಕವೇ ಆಶ್ರಯ.

ಹಾಲುಳ್ಳ ಸಾಧು ಹಸುವಿನ ಕರುವೊಂದನ್ನು ಬೀಜಕ್ಕೆಂದು ಉಳಿಸಿ, ಮಿಕ್ಕವುಗಳ ಬೀಜ ಒಡೆಸಿ ನೊಗಕ್ಕೆ ಹೂಡುತ್ತಿದ್ದರು. ಪಳಗಿಸುವ ಕಾರ್ಯ ಮೂಗುದಾರಕ್ಕಿಂತ ಬಹು ಮೊದಲೇ, ಕರುವಿನ ಕೊರಳನ್ನು ನೇವರಿಸುವುದರಿಂದ ಆರಂಭವಾಗಬೇಕು. ನಿತ್ಯವೂ ಒಬ್ಬರೇ ಹುಲ್ಲು ನೀಡಿ, ಹೆಸರು ಹಿಡಿದು ಕರೆಯಬೇಕು. ಕೊಂಬು ಮೊಳೆಯುವಾಗ ಹಣೆಗೆ ಕೈಯೊಡ್ಡಿ ಆಡಿಸಲಾಗದು. ಆ ಆಟವೇ ಮುಂದೆ ಹಾಯುವ ಚಾಳಿಯಾಗುತ್ತದೆ. ಒಂಟಿಯಾಗಿ ಕಟ್ಟಿದ ಹೋರಿ ಬೇಗ ಕೆರಳುತ್ತದೆ. ಹಸುಗಳ ನಡುವೆ ಬೆಳೆದದ್ದು ಸಾಮಾನ್ಯವಾಗಿ ಸೌಮ್ಯ. ಆದರೂ ಪ್ರಾಯದ ಹೋರಿಗೆ ಬೆನ್ನು ತೋರಬಾರದು.

ಮುಂದೆ ಕೃತಕ ಗರ್ಭಧಾರಣೆಯೊಡನೆ ಜರ್ಸಿ ಬಂದಿತು; ಹೋರಿ ಸಾಕುವುದು ದಂಡವೆನಿಸಿತು. ಗಿಡ್ಡವು ತಳಿಯೇ ಅಲ್ಲವೆಂದವರು, ಆ ಜಡಿಮಳೆಯಲ್ಲಿ ಗುಡ್ಡವೇರಿ ಮೇಯುವ ದನ ಬೇರಾವುದೆಂದು ಕೇಳಿಕೊಳ್ಳಲಿಲ್ಲ. ೨೦೧೨ರಲ್ಲಿ ಅದಕ್ಕೆ ತಳಿಯೆಂಬ ಮನ್ನಣೆ ದೊರೆಯಿತು. ಅಷ್ಟರಲ್ಲಿ ಅನೇಕ ಊರುಗಳಲ್ಲಿ ಬೀಜದ ಹೋರಿಯೇ ಇಲ್ಲವಾಗಿತ್ತು.

ಇಂದು ಹತ್ತಾರು ಗಿಡ್ಡಗಳನ್ನು ಸಾಕುವವರಿಗೆ ಹೋರಿಯೊಂದಿದ್ದರೆ ಸಾಲದು. ಅದು ತನ್ನ ಮಗಳನ್ನೇ ಕೂಡದಂತೆ, ಎರಡು ಮೂರು ವರ್ಷಗಳಿಗೊಮ್ಮೆ ನೆರೆಯೂರಿನ ಹೋರಿಯೊಡನೆ ಬದಲಿಸಿಕೊಳ್ಳಬೇಕು. ಅದಕ್ಕೆ ನೆರೆಯೂರಿನಲ್ಲಿಯೂ ಒಂದು ಹೋರಿ ಇರಬೇಕು.